ಆರೋಗ್ಯ ವ್ಯವಸ್ಥೆ ಯಾಕೆ ಬದಲಾಗಲ್ಲ, ಬದಲಾದರೆ ಯಾವಾಗ? ದಾವಣಗೆರೆ, ಚಿತ್ರದುರ್ಗದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಆರೋಗ್ಯದ ಮಾತು ಶುರುವಾಗುವುದು ಕಾರ್ಡಿನಿಂದ, ಮುಗಿಯುವುದು ಬೈಗುಳದಿಂದ. ನಡುವೆ ಬರುವ ಪ್ರಶ್ನೆಗಳು ಮಾತ್ರ ಬಹಳ ಒಳ್ಳೆಯವು. ಅವನ್ನೇ ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಸಾಲು ಸಾಕು.

ನಮ್ಮದು ಬಡ ದೇಶ. ದುಡ್ಡಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು, ಅಲ್ವಾ?

ದುಡ್ಡು ಬೇಕು, ಅದರಲ್ಲಿ ಎರಡು ಮಾತಿಲ್ಲ. 2025ರ ಹೊತ್ತಿಗೆ ಸರ್ಕಾರಗಳು ಆರೋಗ್ಯಕ್ಕೆ ಜಿಡಿಪಿಯ ಶೇ. 2.5ರಷ್ಟು ಖರ್ಚು ಮಾಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿತ್ತು. ಆ ಗುರಿ ಮುಟ್ಟಲಿಲ್ಲ.

ಆದರೆ ದುಡ್ಡೊಂದೇ ಕಾರಣ ಅಂದರೆ ಥಾಯ್ಲೆಂಡ್ ಹೇಗೆ ಮಾಡಿತು ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. 1997ರಲ್ಲಿ ಏಷ್ಯಾದ ಆರ್ಥಿಕ ಕುಸಿತ ಶುರುವಾಗಿದ್ದೇ ಅಲ್ಲಿ. ಅವರ ನಾಣ್ಯ ಬಾತ್ ನೆಲಕಚ್ಚಿತು. ನಾಲ್ಕೇ ವರ್ಷಕ್ಕೆ, 2001ರಲ್ಲಿ, ಒಂದು ಸಲ ಆಸ್ಪತ್ರೆಗೆ ಹೋದರೆ ಬರೀ 30 ಬಾತ್ ಕೊಟ್ಟರೆ ಸಾಕು ಅನ್ನುವ ಯೋಜನೆ ತಂದರು. 2002ರಲ್ಲಿ ಅದು ಕಾಯ್ದೆಯಾಯಿತು, ಇಡೀ ದೇಶಕ್ಕೆ ಹಬ್ಬಿತು.

ಇದು ಒಂದು ರಾತ್ರಿಯಲ್ಲಿ ಆದದ್ದಲ್ಲ. 1970ರ ದಶಕದಿಂದ ಅಲ್ಲಿ ವೈದ್ಯಕೀಯ ಓದು ಮುಗಿಸಿದವರು ಕಡ್ಡಾಯವಾಗಿ ಹಳ್ಳಿ ಕಡೆ ಕೆಲಸ ಮಾಡಬೇಕಿತ್ತು. ಹಾಗೆ ಹೋದವರಲ್ಲಿ ಕೆಲವರು ಗ್ರಾಮೀಣ ವೈದ್ಯರ ಸಂಘ ಕಟ್ಟಿಕೊಂಡರು. ಮುಂದೆ ಅವರೇ ಆರೋಗ್ಯ ಇಲಾಖೆಯ ಒಳಗೆ ಸೇರಿಕೊಂಡರು. ಅವರಲ್ಲಿ ಡಾ. ಸಂಗುವಾನ್ ನಿತ್ಯಾರುಂಫೋಂಗ್ ಅಂತ ಒಬ್ಬರಿದ್ದರು. ಎಲ್ಲರಿಗೂ ಆರೋಗ್ಯ ರಕ್ಷಣೆ ಕೊಡಲು ಎಷ್ಟು ದುಡ್ಡು ಬೇಕು, ಆಸ್ಪತ್ರೆಗೆ ತಲೆಲೆಕ್ಕದಲ್ಲಿ ಹೇಗೆ ಕೊಡಬೇಕು ಅನ್ನುವ ಲೆಕ್ಕ ಅವರ ಬಳಿ ರೆಡಿ ಇತ್ತು. ಚುನಾವಣೆ ಹತ್ತಿರ ಬಂದಾಗ ಅದನ್ನು ಹಿಡಿದು ಪಕ್ಷಗಳ ಬಾಗಿಲು ತಟ್ಟಿದರು. ಥಕ್ಸಿನ್ ಶಿನವತ್ರ ಅವರ ಪಕ್ಷ ಅದನ್ನು ಘೋಷಣೆ ಮಾಡಿಕೊಂಡಿತು, 2001ರಲ್ಲಿ ಗೆದ್ದಿತು.

ನಮ್ಮಲ್ಲಿ ಘೋಷಣೆಗೆ ಬರವಿಲ್ಲ. ಘೋಷಣೆ ಆದ ಮಾರನೇ ದಿನ ಏನು ಮಾಡಬೇಕು ಅಂತ ಹದಿನೈದು ವರ್ಷ ಕೂತು ಲೆಕ್ಕ ಹಾಕಿದವರು ಕಡಿಮೆ.

ಹಾಗಾದರೆ ಬದಲಾವಣೆ ಯಾವ ಹೊತ್ತಿಗೆ ಬರುತ್ತೆ? ಅದಕ್ಕೂ ಮುಹೂರ್ತ ಇದೆಯಾ?

ಒಂಥರಾ ಇದೆ. ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜಾನ್ ಕಿಂಗ್‌ಡನ್ 1984ರಲ್ಲಿ ಇದನ್ನು ಮೂರು ಹರಿವಿನ ಲೆಕ್ಕದಲ್ಲಿ ಹೇಳಿದರು. ಸಮಸ್ಯೆ ಎಲ್ಲರ ಕಣ್ಣಿಗೆ ಬೀಳಬೇಕು. ಪರಿಹಾರ ಯಾರ ಬಳಿಯಾದರೂ ಸಿದ್ಧ ಇರಬೇಕು. ರಾಜಕೀಯದ ಗಾಳಿ ಆ ಕಡೆ ಬೀಸಬೇಕು. ಮೂರೂ ಸೇರುವ ಹೊತ್ತು ಚಿಕ್ಕದು. ಆಗ ಕೈ ಹಾಕಿದವರಿಗೆ ಸಿಕ್ಕಿತು, ಇಲ್ಲದವರಿಗೆ ಇಲ್ಲ.

ಬ್ರೆಜಿಲ್‌ನಲ್ಲಿ ಸೇನೆಯ ಆಡಳಿತ ಮುಗಿದು ಹೊಸ ಸಂವಿಧಾನ ಬರೆಯುವ ಹೊತ್ತಿಗೆ ಸಾರ್ವಜನಿಕ ಆರೋಗ್ಯದ ಚಳವಳಿಗಾರರು ತಯಾರಿದ್ದರು. 1986ರಲ್ಲಿ ದೊಡ್ಡ ರಾಷ್ಟ್ರೀಯ ಸಮ್ಮೇಳನ ಮಾಡಿದರು. 1988ರ ಸಂವಿಧಾನದಲ್ಲಿ ಆರೋಗ್ಯ ಎಲ್ಲರ ಹಕ್ಕು, ಸರ್ಕಾರದ ಕರ್ತವ್ಯ ಅಂತ ಬರೆಸಿಯೇ ಬಿಟ್ಟರು. ಚೀನಾಕ್ಕೆ ಬಿಸಿ ಮುಟ್ಟಿಸಿದ್ದು 2003ರ ಸಾರ್ಸ್ ಸಾಂಕ್ರಾಮಿಕ. ಹಳ್ಳಿಗಳ ಆರೋಗ್ಯ ವ್ಯವಸ್ಥೆ ಎಷ್ಟು ಟೊಳ್ಳಾಗಿದೆ ಅಂತ ಆಗ ಗೊತ್ತಾಯಿತು, 2009ರಲ್ಲಿ ದೊಡ್ಡ ಸುಧಾರಣೆ ಪ್ರಕಟವಾಯಿತು. ಉಗಾಂಡದಲ್ಲಿ 2001ರ ಅಧ್ಯಕ್ಷೀಯ ಚುನಾವಣೆ ಹೊತ್ತಿಗೆ ಸರ್ಕಾರಿ ಆಸ್ಪತ್ರೆಗಳ ಶುಲ್ಕ ತೆಗೆದು ಹಾಕಿದರು. ಚುನಾವಣೆಗಾಗಿ ಮಾಡಿದರು ಅಂತ ಮೂಗು ಮುರಿಯಬೇಕಾಗಿಲ್ಲ. ಬಡವರು ಆಸ್ಪತ್ರೆಗೆ ಬರುವುದು ಜಾಸ್ತಿಯಾಯಿತು. ಆದರೆ ಅಷ್ಟು ಜನಕ್ಕೆ ಔಷಧ ಎಲ್ಲಿಂದ ಅನ್ನುವ ತಯಾರಿ ಸಾಲದೆ ಒದ್ದಾಡಿದರು.

ಡಾಕ್ಟರುಗಳೇ ಅಡ್ಡಗಾಲು ಹಾಕ್ತಾರೆ ಅಂತಾರಲ್ಲ, ನಿಜವಾ?

ಕೆಲವು ಸಲ ನಿಜ. 2017ರ ನವೆಂಬರ್ ನೆನಪಿಸಿಕೊಳ್ಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಅನ್ನುತ್ತಾರಲ್ಲ, 2007ರದು. ಅದಕ್ಕೆ ತಿದ್ದುಪಡಿ ತರಲು ಸರ್ಕಾರ ಹೊರಟಿತು. ಚಿಕಿತ್ಸೆಯ ದರ ಸರ್ಕಾರ ನಿಗದಿ ಮಾಡುವುದು, ರೋಗಿಗಳ ದೂರಿಗೆ ಜಿಲ್ಲಾ ಮಟ್ಟದಲ್ಲಿ ಸಮಿತಿ, ತಪ್ಪಿದರೆ ಜೈಲು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ ರಾಜ್ಯದ ತುಂಬ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗ ಬಂದ್ ಆಯಿತು. ಸರ್ಕಾರಿ ಆಸ್ಪತ್ರೆಗಳ ಮುಂದೆ ಜನವೋ ಜನ. ಕೊನೆಗೆ ಮಸೂದೆ ಪಾಸಾಯಿತು, ಆದರೆ ಹಲ್ಲು ಕಿತ್ತ ಮೇಲೆ. ದರ ನಿಗದಿ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗಷ್ಟೇ ಉಳಿಯಿತು, ಜೈಲಿನ ಮಾತು ಮೆತ್ತಗಾಯಿತು. ಬಿಲ್ ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳಬಾರದು ಅನ್ನುವಂಥ ಕೆಲವು ಒಳ್ಳೆಯ ಅಂಶ ಉಳಿದವು.

ಆ ಹೊತ್ತಿಗೆ ವೈದ್ಯರು ಎತ್ತಿದ ಒಂದು ಪ್ರಶ್ನೆ ನ್ಯಾಯವಾದದ್ದೇ ಅಂತ ನನಗೆ ಈಗಲೂ ಅನಿಸುತ್ತದೆ. ಸರ್ಕಾರಿ ಆಸ್ಪತ್ರೆಗೂ ಇದೇ ನಿಯಮ ಯಾಕಿಲ್ಲ? ತಿದ್ದುಪಡಿಗೆ ಶಿಫಾರಸು ಮಾಡಲು ಸರ್ಕಾರವೇ ನೇಮಿಸಿದ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯೂ ಸರ್ಕಾರಿ ಆಸ್ಪತ್ರೆಗಳನ್ನು ಸೇರಿಸಿ ಅಂದಿತ್ತು. ಸೇರಿಸಲಿಲ್ಲ. ಇನ್ನೊಂದು ವಿಷಯ: ವೈದ್ಯರು ಅಂದರೆ ಎಲ್ಲರೂ ಒಂದೇ ಅಲ್ಲ. ನಮ್ಮ ಪಿ.ಜೆ. ಬಡಾವಣೆ ಕಡೆ ಗಂಡ ಹೆಂಡತಿ ಇಬ್ಬರೇ ನಡೆಸುವ ಸಣ್ಣ ನರ್ಸಿಂಗ್ ಹೋಮ್‌ಗೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೂ ಅಜಗಜಾಂತರ. ಒಂದೇ ಕೋಲಲ್ಲಿ ಹೊಡೆಯಲು ಹೋದರೆ ಇಬ್ಬರೂ ಒಂದಾಗುತ್ತಾರೆ. ಆಗಿದ್ದೂ ಅದೇ.

2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕು ಕಾಯ್ದೆ ತಂದಾಗಲೂ ಹೀಗೇ ಆಯಿತು. ತುರ್ತು ಹೊತ್ತಲ್ಲಿ ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು ಅಂದರು. ಆ ಖರ್ಚು ನಮಗೆ ಯಾವಾಗ, ಹೇಗೆ ವಾಪಸ್ ಬರುತ್ತೆ ಅಂತ ಖಾಸಗಿ ವೈದ್ಯರು ಬೀದಿಗಿಳಿದರು. ಅನೇಕ ಆಸ್ಪತ್ರೆಗಳನ್ನು ಕಾಯ್ದೆಯಿಂದ ಹೊರಗಿಟ್ಟು ಸರ್ಕಾರ ರಾಜಿ ಮಾಡಿಕೊಂಡಿತು.

ಬಾಂಗ್ಲಾದೇಶದ ಕಥೆ ಇನ್ನೂ ಸ್ವಾರಸ್ಯ. 1982ರಲ್ಲಿ ಅಲ್ಲಿ ಹೊಸ ಔಷಧ ನೀತಿ ಬಂತು. ಅದರ ಹಿಂದೆ ಗಟ್ಟಿಯಾಗಿ ನಿಂತವರು ಡಾ. ಜಫರುಲ್ಲಾ ಚೌಧರಿ. ಕೆಲಸಕ್ಕೆ ಬಾರದ, ಅಪಾಯಕಾರಿ ಅನ್ನಿಸಿದ ಸುಮಾರು 1700 ಔಷಧಗಳನ್ನು ಪಟ್ಟಿಯಿಂದ ಕಿತ್ತು ಹಾಕಿದರು. ವಿದೇಶಿ ಕಂಪನಿಗಳು ಕಿರುಚಾಡಿದವು, ಅಮೆರಿಕದಿಂದ ಒತ್ತಡ ಬಂತು, ವೈದ್ಯರ ಸಂಘ ವಿರೋಧಿಸಿತು. ಆದರೂ ನೀತಿ ಉಳಿಯಿತು. ಯಾಕೆಂದರೆ ಅದರಿಂದ ಸ್ಥಳೀಯ ಔಷಧ ಕಂಪನಿಗಳು ಬೆಳೆದವು, ಅವಕ್ಕೆ ಅದನ್ನು ಕಾಯುವ ಕಾರಣ ಇತ್ತು. 1990ರಲ್ಲಿ ಅದೇ ಸರ್ಕಾರ ಆರೋಗ್ಯ ನೀತಿ ತಂದು ಸರ್ಕಾರಿ ವೈದ್ಯರ ಖಾಸಗಿ ಪ್ರಾಕ್ಟೀಸ್‌ಗೆ ಕೈ ಹಾಕಿತು. ಈ ಸಲ ಪಕ್ಕದಲ್ಲಿ ನಿಲ್ಲಲು ಯಾರೂ ಇರಲಿಲ್ಲ. ಅದೇ ವರ್ಷ ಅಧ್ಯಕ್ಷ ಎರ್ಷಾದ್ ಅವರ ಆ ಸರ್ಕಾರ ಬಿತ್ತು, ಆ ಆಂದೋಲನದಲ್ಲಿ ವೈದ್ಯರೂ ಮುಂದಿದ್ದರು. ನೀತಿ ಅಲ್ಲಿಗೇ ಮಣ್ಣಾಯಿತು.

ಲಾಭ ಲಕ್ಷಾಂತರ ಜನಕ್ಕೆ. ಅವರೆಲ್ಲ ಯಾಕೆ ಸುಮ್ನೆ ಇರ್ತಾರೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದು. ಕಳೆದುಕೊಳ್ಳುವವರು ಕೆಲವರು. ಅವರಿಗೆ ಸಂಘ ಇದೆ, ಲಾಯರ್ ಇದ್ದಾರೆ, ಶಾಸಕರ ಫೋನ್ ನಂಬರ್ ಇದೆ. ರಾಜ್ಯದ ತುಂಬ ಮೆಡಿಕಲ್ ಕಾಲೇಜು, ಆಸ್ಪತ್ರೆ ನಡೆಸುವವರಲ್ಲಿ ರಾಜಕಾರಣಿಗಳೂ ಇದ್ದಾರೆ. ಪಡೆಯುವವರು ಕೋಟ್ಯಂತರ, ಆದರೆ ಅವರಿಗೆ ತಾವು ಪಡೆಯುವವರು ಅಂತಲೇ ಗೊತ್ತಿರುವುದಿಲ್ಲ. ಕಾಯಿಲೆ ಬಿದ್ದಾಗ ಹೋರಾಡಲು ತ್ರಾಣ ಇಲ್ಲ, ವಾಸಿಯಾದ ಮೇಲೆ ಹೊಲಕ್ಕೆ ಹೋಗಬೇಕು. ರೋಗಿಗಳ ಸಂಘ ಅಂತ ನೀವು ಎಲ್ಲಾದರೂ ಬೋರ್ಡ್ ನೋಡಿದ್ದೀರಾ?

ನಮ್ಮ ಊರಿನ ಚರಿತ್ರೆಯಲ್ಲೇ ಇದಕ್ಕೆ ಪುರಾವೆ ಇದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿ ಕಾರ್ಮಿಕರಿಗೆ ಗಟ್ಟಿ ಸಂಘಟನೆ ಇತ್ತು. 1948ರ ಕಾಯ್ದೆಯ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಸೌಲಭ್ಯ ಅಂಥವರಿಗೇ ಮೊದಲು ಸಿಕ್ಕಿದ್ದು. ಗಿರಣಿ ಗೇಟಿನ ಆಚೆ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿಯುತ್ತಿದ್ದವರಿಗೆ ಅದು ಸಿಗಲಿಲ್ಲ. ಬರೀ ನಮ್ಮ ಕಥೆ ಅಲ್ಲ ಇದು. ಮೆಕ್ಸಿಕೊದಲ್ಲಿ ಸಂಬಳದ ನೌಕರರಿಗೆ 1943ರಲ್ಲೇ ಆರೋಗ್ಯ ವಿಮೆ ಬಂತು. ರೈತರು, ಬೀದಿ ವ್ಯಾಪಾರಿಗಳಂಥವರಿಗಾಗಿ ಅಂತಲೇ ಸೆಗುರೊ ಪಾಪ್ಯುಲರ್ ಅನ್ನುವ ಯೋಜನೆಯ ಕಾನೂನು ಆಗಿದ್ದು 2003ರಲ್ಲಿ. ನಡುವೆ ಅರವತ್ತು ವರ್ಷ.

ಆಯುಷ್ಮಾನ್ ಕಾರ್ಡ್ ಬಂದಿದೆಯಲ್ಲ, ಅದು ಸುಧಾರಣೆ ಅಲ್ವಾ?

ಖಂಡಿತ ಹೌದು. ಸಹಕಾರ ಸಂಘದ ರೈತರಿಗೆ ಯಶಸ್ವಿನಿ, ಆಮೇಲೆ 2008ರಲ್ಲಿ ಬಡವರಿಗೆ ಕೇಂದ್ರದ ಆರ್‌ಎಸ್‌ಬಿವೈ ವಿಮೆ, ಆಮೇಲೆ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಆಯುಷ್ಮಾನ್ ಭಾರತ್ ಜೊತೆ ವಿಲೀನ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದವರೆಗೆ. ಹೊಲ ಮಾರಬೇಕಿದ್ದ ಎಷ್ಟೋ ಮನೆಗಳು ಇದರಿಂದ ಬದುಕಿವೆ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಜೇಬಿನಿಂದ ಕೊಡುತ್ತಿದ್ದದ್ದು 2013-14ರಲ್ಲಿ ಶೇ. 64.2. ಸರ್ಕಾರದ ಲೆಕ್ಕದ ಪ್ರಕಾರ 2021-22ಕ್ಕೆ ಅದು ಶೇ. 39.4ಕ್ಕೆ ಇಳಿದಿದೆ.

ಈಗ ಕೌಂಟರ್ ಮುಂದೆ ನಿಂತು ನೋಡಿ. ಜಗಳೂರು ಕಡೆಯ ಹಳ್ಳಿಯ ಅಜ್ಜ. ಬೈಪಾಸ್ ಆಗಬೇಕು ಅಂದಿದ್ದಾರೆ. ತುರ್ತು ಅಲ್ಲದ ಕೇಸಾದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ರೇಷನ್ ಕಾರ್ಡಲ್ಲಿ ತಿಪ್ಪಣ್ಣ, ಆಧಾರ್‌ನಲ್ಲಿ ತಿಪ್ಪೇಸ್ವಾಮಿ. ಸೊಸೆ ಜೆರಾಕ್ಸ್ ಅಂಗಡಿಗೂ ಕೌಂಟರ್‌ಗೂ ಓಡಾಡುತ್ತಾಳೆ. ಹೆಬ್ಬೆಟ್ಟು ಸವೆದಿದೆ, ಯಂತ್ರಕ್ಕೆ ಹತ್ತುತ್ತಿಲ್ಲ. ‘ಸರ್ವರ್ ಬಿಝಿ ಐತಜ್ಜ, ಊಟ ಆದ್ಮೇಲೆ ಬಾ’ ಅನ್ನುತ್ತಾನೆ ಕೌಂಟರ್ ಹುಡುಗ. ಅವನ ತಪ್ಪೂ ಅಲ್ಲ. ಅಷ್ಟರಲ್ಲಿ ಕೊನೆಯ ಬಸ್ಸಿನ ಯೋಚನೆ.

ಆಪರೇಷನ್ ಆಗುತ್ತದೆ ಅನ್ನಿ. ಆಮೇಲೆ ಬದುಕಿರುವವರೆಗೂ ನುಂಗಬೇಕಾದ ಮಾತ್ರೆ? ಬಿಪಿ, ಶುಗರ್‌ಗೆ ತಿಂಗಳು ತಿಂಗಳು ಆಗುವ ಖರ್ಚು? ಈ ಕಾರ್ಡ್ ಇರುವುದು ಮುಖ್ಯವಾಗಿ ಒಳರೋಗಿಯಾಗಿ ಸೇರಿದವರಿಗೆ. ಜನರ ಜೇಬು ಖಾಲಿಯಾಗುವುದು ಹೆಚ್ಚಾಗಿ ಹೊರಗಿನ ಔಷಧ ಅಂಗಡಿಯಲ್ಲಿ. ಆದರೂ ರಾಜಕೀಯಕ್ಕೆ ಕಾರ್ಡ್ ಚೆಂದ. ಅದರ ಮೇಲೆ ಫೋಟೊ ಹಾಕಬಹುದು. ಪಿಎಚ್‌ಸಿಯ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಾತ್ರೆ ಡಬ್ಬಿ ಮೇಲೆ ಯಾರು ಫೋಟೊ ಹಾಕುತ್ತಾರೆ?

ದಾವಣಗೆರೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದರೆ ಎಲ್ಲ ಸರಿಹೋಗುತ್ತಾ?

ಒಳ್ಳೆಯದಾಗುತ್ತೆ, ಎಲ್ಲ ಸರಿಹೋಗಲ್ಲ. ಇಲ್ಲಿ 1965ರಿಂದ ಖಾಸಗಿ ಮೆಡಿಕಲ್ ಕಾಲೇಜು ಜೆಜೆಎಂ ಇದೆ, ಆಮೇಲೆ ಎಸ್.ಎಸ್. ಕಾಲೇಜೂ ಬಂತು, ಸರ್ಕಾರಿ ಸಿ.ಜಿ. ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಚಿತ್ರದುರ್ಗಕ್ಕೆ 2023ರಲ್ಲಿ ಸರ್ಕಾರಿ ಕಾಲೇಜು ಬಂದ ಮೇಲೆ ನಮಗೂ ಬೇಕು ಅನ್ನುವ ಹಳೆಯ ಕೂಗು ಜೋರಾಗಿದೆ. ತಪ್ಪಿಲ್ಲ. ಆದರೆ ಕಟ್ಟಡಕ್ಕೆ ಕೇಳುವಷ್ಟು ಗಟ್ಟಿಯಾಗಿ ಮೊಳಕಾಲ್ಮೂರಿನ ಹಳ್ಳಿಗೆ ಒಬ್ಬ ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ಕೊಡಿ ಅಂತ ಯಾರೂ ಕೇಳುವುದಿಲ್ಲ. ಕಟ್ಟಡಕ್ಕೆ ಗುದ್ದಲಿ ಪೂಜೆ ಇದೆ, ಉದ್ಘಾಟನೆ ಇದೆ. ಎಎನ್‌ಎಂ ಬಂದಳು ಅಂತ ಪೆಂಡಾಲ್ ಹಾಕಿದ್ದನ್ನು ನಾನಂತೂ ಕಂಡಿಲ್ಲ.

ನೀರಿನ ಸಮಸ್ಯೆಯನ್ನೂ ಆರೋಗ್ಯ ನೀತಿಗೆ ಸೇರಿಸಬೇಕಾ?

ಸೇರಿಸಲೇಬೇಕು. ಜಗಳೂರು, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾಗುತ್ತದೆ, ಮೂಳೆ ಬಾಗುತ್ತದೆ. ಇದಕ್ಕೆ ಮದ್ದು ಡಾಕ್ಟರ ಬಳಿ ಇಲ್ಲ, ಇರುವುದು ನಲ್ಲಿಯಲ್ಲಿ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ತೊಂದರೆ ಏನೆಂದರೆ ನೀರು ಒಂದು ಇಲಾಖೆ, ಪೈಪು ಇನ್ನೊಂದು, ರೋಗ ಮತ್ತೊಂದು. ಇಲಾಖೆಗಳ ನಡುವೆ ಬೀಳುವ ಸಮಸ್ಯೆಗೆ ಎಲ್ಲ ಬಡ ದೇಶಗಳಲ್ಲೂ ಇದೇ ಗತಿ.

ವಿಶ್ವಬ್ಯಾಂಕ್, ವಿದೇಶಿ ನೆರವು ಇವೆಲ್ಲ ಒಳ್ಳೆಯದಾ ಕೆಟ್ಟದ್ದಾ?

ಎರಡೂ. 1980ರ ದಶಕದಲ್ಲಿ ಸಾಲದಲ್ಲಿದ್ದ ಆಫ್ರಿಕದ ದೇಶಗಳಿಗೆ ಆಸ್ಪತ್ರೆಯಲ್ಲಿ ಶುಲ್ಕ ತಗೊಳ್ಳಿ ಅನ್ನುವ ಸಲಹೆ ಹೊರಗಿನಿಂದಲೇ ಬಂತು. ಘಾನಾದಲ್ಲಿ ಜನ ಆ ಪದ್ಧತಿಗೆ ‘ಕ್ಯಾಶ್ ಅಂಡ್ ಕ್ಯಾರಿ’ ಅಂತ ಹೆಸರಿಟ್ಟರು, ದುಡ್ಡು ಇಟ್ಟರೆ ಚಿಕಿತ್ಸೆ ಅಂತ. ಅದರ ಮೇಲಿನ ಸಿಟ್ಟೇ ಚುನಾವಣೆಯ ವಿಷಯವಾಗಿ 2003ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ಬಂತು. ಅದಕ್ಕೆ ಶೇ. 2.5ರ ಪ್ರತ್ಯೇಕ ತೆರಿಗೆ ಹಾಕಿದರು. ನಮ್ಮ ರಾಜ್ಯವೂ 1990ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲ ತಂದು ಆಸ್ಪತ್ರೆ ದುರಸ್ತಿ ಮಾಡಿಸಿದೆ. ಆ ಕಟ್ಟಡಗಳು ಈಗಲೂ ಉಪಯೋಗಕ್ಕಿವೆ.

ನೆರವಿನ ನಿಜವಾದ ಅಪಾಯ 2025ರಲ್ಲಿ ಕಂಡಿತು. ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಎಚ್‌ಐವಿ ಔಷಧಕ್ಕೆ ಅದನ್ನೇ ನಂಬಿದ್ದ ದೇಶಗಳಲ್ಲಿ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಫಿಲಿಪ್ಪೀನ್ಸ್ 2012ರಲ್ಲಿ ಸಿಗರೇಟು, ಮದ್ಯಕ್ಕೆ ತೆರಿಗೆ ಏರಿಸಿ ಬಡವರ ಆರೋಗ್ಯ ವಿಮೆಗೆ ಹಾಕಿತು. ಸ್ವಂತ ದುಡ್ಡಿನ ದಾರಿ ಹೀಗಿರುತ್ತದೆ.

ಸರ್ಕಾರ ಬದಲಾದರೆ ಯೋಜನೆಯೂ ಬದಲಾಗುತ್ತಲ್ಲ?

ಆಗುತ್ತೆ. ಮೆಕ್ಸಿಕೊದ ಆ ಸೆಗುರೊ ಪಾಪ್ಯುಲರ್ 2020ರಲ್ಲಿ ಹೋಯಿತು. ಅದರ ಜಾಗಕ್ಕೆ ಬಂದದ್ದು ಮೂರೇ ವರ್ಷಕ್ಕೆ ಹೋಯಿತು. ನಮ್ಮ ಯಶಸ್ವಿನಿಯೂ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ಆದರೆ ಥಾಯ್ಲೆಂಡಿನಲ್ಲಿ 2006ರಲ್ಲಿ ಸೇನೆ ಥಕ್ಸಿನ್ ಅವರನ್ನು ಓಡಿಸಿತೇ ಹೊರತು ಯೋಜನೆಯನ್ನು ಮುಟ್ಟಲಿಲ್ಲ, ಆ 30 ಬಾತ್ ಶುಲ್ಕವನ್ನೂ ತೆಗೆಯಿತು. ಅಷ್ಟು ಹೊತ್ತಿಗೆ ಹಳ್ಳಿ ಹಳ್ಳಿಯ ಜನ ಅದು ತಮ್ಮದು ಅಂದುಕೊಂಡಿದ್ದರು.

ಕಾಯ್ದೆ ಪಾಸಾದ ಮೇಲೂ ಕೆಳಗೆ ಏನೂ ಕಾಣಲ್ಲ ಯಾಕೆ?

ಗಿಲ್ ವಾಲ್ಟ್, ಲೂಸಿ ಗಿಲ್ಸನ್ ಅನ್ನುವ ಇಬ್ಬರು ಸಂಶೋಧಕಿಯರು 1994ರಲ್ಲೇ ಇದನ್ನು ಹೇಳಿದ್ದರು. ಸುಧಾರಣೆ ಮಾಡುವವರು ಕಾಗದದಲ್ಲಿ ಏನಿದೆ ಅಂತ ಜಗಳವಾಡುತ್ತಾರೆ. ಅದನ್ನು ಯಾರು ಮಾಡಬೇಕು, ಹೇಗೆ, ಯಾವ ಪರಿಸ್ಥಿತಿಯಲ್ಲಿ ಅನ್ನುವುದನ್ನು ಮರೆಯುತ್ತಾರೆ.

ಯಾವುದಾದರೂ ಪಿಎಚ್‌ಸಿಯ ಔಷಧ ಕೋಣೆಗೆ ಹೋಗಿ. ಕಬ್ಬಿಣದ ರ‍್ಯಾಕ್, ದಪ್ಪ ರಿಜಿಸ್ಟರ್. ಫಾರ್ಮಸಿಸ್ಟ್ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ್ದಕ್ಕೂ ಉಗ್ರಾಣದಿಂದ ಬಂದದ್ದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಕೆಮ್ಮಿನ ಸಿರಪ್ ಡಬ್ಬಗಟ್ಟಲೆ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಮಾತ್ರ ತಳದಲ್ಲಿ. ಆಗ ತಿಂಗಳ ಮಾತ್ರೆ ಕೊಡಬೇಕಾದಲ್ಲಿ ಹತ್ತು ದಿನದ್ದು ಕೊಟ್ಟು ‘ಮತ್ತೆ ಬಾರಮ್ಮ’ ಅನ್ನುತ್ತಾರೆ. ಅವಳು ಮತ್ತೆ ಬರಲು ಒಂದು ದಿನದ ಕೂಲಿ ಬಿಡಬೇಕು. ಬರುವುದಿಲ್ಲ. ಮುಂದೊಂದು ದಿನ ಅವಳು ಆಯುಷ್ಮಾನ್ ಕೌಂಟರ್ ಮುಂದೆ ನಿಲ್ಲುತ್ತಾಳೆ. ತಮಿಳುನಾಡು ಇದಕ್ಕೆಂದೇ 1994ರಲ್ಲಿ ಪ್ರತ್ಯೇಕ ಔಷಧ ನಿಗಮ ಮಾಡಿ, ಒಟ್ಟಿಗೆ ಖರೀದಿ, ಗುಣಮಟ್ಟ ಪರೀಕ್ಷೆ, ಜಿಲ್ಲಾ ಉಗ್ರಾಣ, ಕಂಪ್ಯೂಟರ್ ಲೆಕ್ಕ ಎಲ್ಲ ಕಟ್ಟಿತು. ನಾವು ನೋಡಿ ಕಲಿತದ್ದು ಅರ್ಧ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತು, ಗ್ಲೂಕೋಸ್ ಬಾಟಲಿಯಂತೆ ಏರಿಸುವ ರಿಂಗರ್ ಲ್ಯಾಕ್ಟೇಟ್ ಮೇಲೆ ಅನುಮಾನ ಬಂದಾಗ ಖರೀದಿ, ಪರೀಕ್ಷೆಯ ಮಾತು ಮುಖ್ಯಮಂತ್ರಿ ತನಕ ಹೋಯಿತು. ಅಷ್ಟು ಜೀವ ಹೋಗುವ ತನಕ ಅದು ಬರೀ ಟೆಂಡರ್ ಫೈಲು.

ಇನ್ನು ಆಶಾ ಕಾರ್ಯಕರ್ತೆಯರು. 2005ರ ಗ್ರಾಮೀಣ ಆರೋಗ್ಯ ಮಿಷನ್ ನಿಂತಿರುವುದೇ ಅವರ ಕಾಲ ಮೇಲೆ. ಪ್ರತಿ ಹೊಸ ಯೋಜನೆಗೂ ಒಂದು ಹೊಸ ಸಮೀಕ್ಷೆ, ಒಂದು ಹೊಸ ಆ್ಯಪ್ ಅವರ ತಲೆಗೇ. ಆದರೆ ಅವರು ಕಾಗದದಲ್ಲಿ ‘ಸ್ವಯಂಸೇವಕಿ’. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ನೀತಿ ಬರೆಯುವ ಕೋಣೆಯಲ್ಲಿ ಅವರಲ್ಲಿ ಒಬ್ಬರನ್ನಾದರೂ ಕೂರಿಸಿದ್ದರೆ ಎಷ್ಟೋ ಯೋಜನೆಗಳ ಗತಿ ಬೇರೆಯಾಗುತ್ತಿತ್ತು ಅಂತ ನನ್ನ ನಂಬಿಕೆ.

ಭ್ರಷ್ಟಾಚಾರದ ಬಗ್ಗೆ ಏನೂ ಹೇಳಲೇ ಇಲ್ಲ?

ಇದೆ, ಯಾರಿಗೆ ಗೊತ್ತಿಲ್ಲ? ಡಾ. ಎಚ್. ಸುದರ್ಶನ್ ನೇತೃತ್ವದ ಕಾರ್ಯಪಡೆ 2001ರಲ್ಲೇ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದಿತ್ತು. ಆದರೆ ‘ಎಲ್ಲ ಕಳ್ಳರು’ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತೆ. ಎಷ್ಟು ಔಷಧ ಬಂತು, ಎಷ್ಟು ಹೋಯಿತು ಅಂತ ಕೇಳಿದರೆ ಮಾತ್ರ ಉತ್ತರ ಕೊಡಬೇಕಾಗುತ್ತೆ.

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನನ್ನ ಕೈಲಿ ಏನಾದರೂ ಇದೆಯಾ?

ಇದೆ. ನಿಮ್ಮ ಊರಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. ಪಂಚಾಯಿತಿ ಸದಸ್ಯರೇ ಅದರ ಅಧ್ಯಕ್ಷರು, ಆಶಾ ಜೊತೆಯಲ್ಲಿರುತ್ತಾರೆ. ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿಯ ಅವಕಾಶ ಇದೆ. ದೊಡ್ಡ ಮೊತ್ತ ಅಲ್ಲ, ಆದರೆ ಅದರ ಪಾಸ್‌ಬುಕ್ ಎಲ್ಲಿದೆ, ಯಾರು ಸಹಿ ಹಾಕಿದ್ದಾರೆ ಅಂತ ಮೊದಲು ಕೇಳಿ. ಪಿಎಚ್‌ಸಿಯಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಹೋದ ಸಭೆಯ ನಡವಳಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಆದರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ, 150 ಪದದೊಳಗೆ. ಶುರುವಿಗೆ ಮೆಟ್‌ಫಾರ್ಮಿನ್ ಬಗ್ಗೆಯೇ ಕೇಳಿ: ಕಳೆದ ಒಂದು ವರ್ಷದಲ್ಲಿ ತಿಂಗಳುವಾರು ಎಷ್ಟು ಇಂಡೆಂಟ್ ಹಾಕಿದ್ದೀರಿ, ಎಷ್ಟು ಬಂತು.